ಭಾವಮೈದುನರ ಲಿನಕ್ಸ್ ಸಮರ

ಓ ಮೌನಗರ್ಭೆಯಾದ ವಾಣಿಯೇ, ತಂತಿಯೊಳಗೆ ಹರಿವ ಮಿಂಚಿನಲ್ಲೂ ನಕ್ಷತ್ರಗಳ ಪಿಸುಮಾತನ್ನಾಲಿಸಬಲ್ಲವಳೇ, ಬಂದು ನನ್ನ ನಡುಗುವ ಲೇಖನಿಯ ತುದಿಯಲ್ಲಿ ಅರೆಗಳಿಗೆ ಕೂರು! ಹಳೆಯ ವಿಂಡೋಸಿನ ಆಯುಸ್ಸು ಮುಗಿಯಿತೆಂದು ಕಂಪ್ಯೂಟರಿನ ಪರದೆಯ ಮೇಲೆ ದಿನವೂ ಅಶರೀರವಾಣಿ ಮೊಳಗುತ್ತಿದ್ದ ಆ ಕಲಿಯುಗದ ಪುಷ್ಯಮಾಸದಲ್ಲಿ, ಮೈಸೂರಿನ ಸರಸ್ವತೀಪುರದ ಒಂದು ನಡುಮನೆಯಲ್ಲಿ ನಡೆದ ಮಹಾಸಮರವನ್ನು ನನ್ನಿಂದ ಹೇಳಿಸು.

ಆ ಮನೆಯೊಡೆಯ, ನಿವೃತ್ತಸಸ್ಯಶಾಸ್ತ್ರಾಧ್ಯಾಪಕಕುಲತಿಲಕ, ಜೀರ್ಣಗಣಕಯಂತ್ರಪರಿಪಾಲಕ ಶಿವನಂಜಯ್ಯ. ಅವನಿಗೆದುರಾಗಿ, ಕೊರಳಲ್ಲಿ ಪೆನ್ ಡ್ರೈವನ್ನು ಪದಕದಂತೆ ತೂಗಿಸಿಕೊಂಡು ಬಂದವನು ಅವನ ಹೆಂಡತಿಯ ತಮ್ಮ, ವಿದ್ಯುದಿಲಾಖಾನಿವೃತ್ತ, ಸಕಲೋಪದೇಶಚತುರ ಚನ್ನಮಲ್ಲಪ್ಪ. ಇಬ್ಬರ ನಡುವೆ ಗಂಗಾಂಬಿಕೆ. ಗಂಟಲಿನ ಶಸ್ತ್ರಚಿಕಿತ್ಸೆಯಾದಂದಿನಿಂದ ವರ್ಷಕಾಲ ಹಾಡದೆ, ಒಗ್ಗರಣೆಯ ಸದ್ದಿನೊಳಗೆ ತನ್ನ ಸ್ವರವನ್ನು ಬಚ್ಚಿಟ್ಟುಕೊಂಡಿದ್ದ ಆಕೆ, ಅಂದು ನಾಲ್ಕು ಗಂಟೆಗೆ, ಊರೂರುಗಳಿಗೆ ಚದುರಿಹೋದ ಗೆಳತಿಯರೆದುರು ಅದೇ ಕಂಪ್ಯೂಟರಿನ ಮುಂದೆ ಕುಳಿತು ಒಂದು ವಚನ ಹಾಡಬೇಕಿತ್ತು.

"ಈ ಕಂಪ್ಯೂಟರ್ ನಡುವೆ ಕೈ ಕೊಟ್ರೆ ಏನೋ ಗತಿ ಚನ್ನ," ಎಂದಳು ತಮ್ಮನೊಡನೆ. "ಇವತ್ತು ತಪ್ಪಿದ್ರೆ ಇನ್ನೊಂದು ಸಲ ಬಾಯಿ ತೆರೆಯೋ ಧೈರ್ಯ ನನಗೆ ಬರಲ್ಲ."

"ಅಕ್ಕಾ, ಈ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಬಿಡ್ತೀನಿ, ಕುದುರೆ ಥರ ಓಡುತ್ತೆ!"

ಆದರೆ ಯಾವ ಲಿನಕ್ಸ್? ಒಂದೇ ಬೀಜದಿಂದ ಮೊಳೆತು ನೂರು ಹೆಸರು ಹೊತ್ತ ಆ ಕುಲದಲ್ಲಿ ಯಾರಿಗೆ ಪಟ್ಟ? ಶಿವನಂಜಯ್ಯ ಕುರ್ಚಿಯಿಂದೆದ್ದು, ಪಂಚೆಯನ್ನೆತ್ತಿ ಕಟ್ಟಿ ಗರ್ಜಿಸಿದನು: "ಕೇಳು ಮೈದುನನೇ! ಯಾವನಿಂದ ಉಬುಂಟು ಹುಟ್ಟಿ, ಉಬುಂಟುವಿನಿಂದ ನಿನ್ನ ಮಿಂಟ್ ಹುಟ್ಟಿತೋ, ಆ ಪಿತಾಮಹನೇ ನನ್ನ ಡೆಬಿಯನ್! ಅವಸರವರಿಯದವನು, ಬಿರುಗಾಳಿಗೆ ಕದಲದವನು, ಪಕ್ವವಾಗದ ಒಂದು ಕಾಯನ್ನೂ ಬುಟ್ಟಿಗಿಳಿಸದವನು!"

"ಪಿತಾಮಹ ಸರಿ ಭಾವ, ಆದ್ರೆ ಪಿತಾಮಹನ ಕೈಲಿ ಯಾರಾದ್ರೂ ಓಟ ಓಡಿಸ್ತಾರಾ? ನನ್ನ ಮಿಂಟ್ ಹಸಿರುಡುಗೆಯ ಮೊಮ್ಮಗ. ಕರೆದ್ರೆ ಓ ಅಂತಾನೆ!"

"ಕರೆಂಟ್ ಹೋದಾಗ ಕರೆದ್ರೆ ನೀನು ಯಾವತ್ತಾದ್ರೂ ಓ ಅಂದಿದ್ದೀಯೇನಯ್ಯಾ?"

ಹೀಗೆ ವಾಗ್ಬಾಣಗಳು ಹಾರಾಡುತ್ತಿರಲು ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಉದ್ದವಾಗುತ್ತ ಬಂತು. ಕಡೆಗೆ ಇಬ್ಬರ ಕಡೆಯಿಂದಲೂ ಪೆನ್ ಡ್ರೈವುಗಳು ಕಣಕ್ಕಿಳಿದವು. ಲಿನಕ್ಸಿನ ಮಹಿಮೆ ಇಂಥದು: ಜಗುಲಿಯಲ್ಲೇ ಬಿಡಾರ ಹೂಡಿ ತನ್ನ ಗುಣ ತೋರುವ ಅತಿಥಿಯಂತೆ, ಪೆನ್ ಡ್ರೈವಿನಲ್ಲೇ ಇದ್ದುಕೊಂಡು ಅದು ಪರದೆಯನ್ನೆಲ್ಲ ಬೆಳಗಬಲ್ಲದು; ಒಳಗೆ ಬಂದು ನೆಲೆಸಬೇಕಾದರೆ ಮಾತ್ರ 'ಇನ್‌ಸ್ಟಾಲ್' ಎಂಬುದನ್ನೊತ್ತಿ ಗೃಹಪ್ರವೇಶ ಮಾಡಿಸಬೇಕು. ಮೊದಲು ಡೆಬಿಯನ್ ಬಂದು ಗಂಭೀರವಾಗಿ ನಿಂತಿತು. ಅನಂತರ ಮಿಂಟ್ ಬಂದು ಮುಗುಳ್ನಕ್ಕಿತು.

ಗಂಗಾಂಬಿಕೆ ಬಾಗಿ ನೋಡಿ, "ಇದರ ಅಕ್ಷರ ದಪ್ಪಗಿದೆ, ಇದೇ ಇರಲಿ" ಎಂದಳು. ಯುದ್ಧ ಮುಗಿಯಿತು!

ಸೋತವನ ಔದಾರ್ಯವನ್ನು ಏನೆಂದು ಬಣ್ಣಿಸಲಿ? "ಗೆದ್ದವನು ನೀನು, ಇನ್‌ಸ್ಟಾಲ್ ನೀನೇ ಒತ್ತು," ಎಂದನು ಶಿವನಂಜಯ್ಯ.

"ಛೆ ಛೆ, ಮನೆ ಯಜಮಾನರು ನೀವಿರೋವಾಗ ನಾನಾ? ನಿಮ್ಮ ಕೈಯಿಂದಲೇ ಆಗಲಿ ಭಾವ."

"ಹೆಣ್ಣು ಕೊಟ್ಟ ಮನೆಯವನು ನೀನು. ಮರ್ಯಾದೆ ನಿನ್ನದೇ."

"ದಯವಿಟ್ಟು ನೀವೇ."

ಈ ಉಪಚಾರಪರ್ವದ ನಡುವೆ ಕಾಫಿ ಬಂತು. ಒಬ್ಬನು ಕೈ ತೊಳೆಯಲು ಹೋದನು, ಇನ್ನೊಬ್ಬನು ಕನ್ನಡಕ ಹುಡುಕಲು ಹೋದನು. ಮರಳಿ ಬಂದು, ಹಸಿರಾಗಿ ಹೊಳೆಯುವ ಪರದೆಯನ್ನು ಕಂಡು, ಕೊನೆಗೂ ಈತ ನನ್ನ ಮಾತನ್ನು ಮನ್ನಿಸಿ ಒತ್ತಿಯೇಬಿಟ್ಟನೆಂದು ಇಬ್ಬರೂ ಒಳಗೊಳಗೇ ಪುಳಕಗೊಂಡರು. ಲೋಟಗಳು ಬರಿದಾದವು. ಚನ್ನಮಲ್ಲಪ್ಪನು, ವೈರಿಯ ಎದೆಯಿಂದ ಖಡ್ಗವನ್ನು ಸೆಳೆದುಕೊಳ್ಳುವ ವಿಜಯಿಯಂತೆ, ಪೆನ್ ಡ್ರೈವನ್ನು ಕಿತ್ತು ಕೊರಳಿಗೆ ಹಾಕಿಕೊಂಡನು.

ಹಸಿರೆಲ್ಲ ಬಾಡಿ ಪರದೆ ಕಪ್ಪಾಯಿತು. ಗೋಡೆಯ ಗಡಿಯಾರ ನಾಲ್ಕು ಬಾರಿಸಿತು.

"ಒತ್ತಿದ್ದು ನೀವಲ್ವಾ ಭಾವ?"

"ಅಯ್ಯೋ, ನೀನಲ್ವೇನಯ್ಯಾ?"

ಗಂಗಾಂಬಿಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಇಬ್ಬರೂ ಎದ್ದು ಹೊರಗೆ ನಡೀರಿ," ಎಂದವಳೇ ಕಂಪ್ಯೂಟರನ್ನು ಎಬ್ಬಿಸುವ ಗುಂಡಿಯನ್ನು ತಾನೇ ಒತ್ತಿದಳು. ಇಷ್ಟು ಹೊತ್ತೂ ತನ್ನ ಕೂದಲೂ ಕೊಂಕದೆ ಒಳಗೆ ಮಲಗಿದ್ದ ಹಳೆಯ ವಿಂಡೋಸ್ ಆಕಳಿಸುತ್ತ, ನರಳುತ್ತ ಎದ್ದುಬಂದು, ತನ್ನ ಆಯುಸ್ಸು ಮುಗಿಯಿತೆಂದು ಮತ್ತೊಮ್ಮೆ ಸಾರಿತು. ಆಕೆ ಅದರ ಬಾಯಿ ಮುಚ್ಚಿಸಿದಳು. ಪರದೆಯ ತುಂಬ ನರೆಗೂದಲ ಗೆಳತಿಯರು ಮೂಡಿದರು.

"ಬಾರೇ ಗಂಗೂ, ನಿನಗೇ ಕಾಯ್ತಿದ್ವಿ!"

ವರ್ಷದಿಂದ ತೆರೆಯದ ಬಾಗಿಲಂತೆ ಮೊದಲ ಸ್ವರ ಕಿರುಗುಟ್ಟಿತು. ಎರಡನೆಯದಕ್ಕೆ ಬೆಳಕು ಬಂತು.

ಹೊರಗೆ ಮೆಟ್ಟಿಲ ಮೇಲೆ, ಅವಳು ಕೈಗಿತ್ತು ಕಳಿಸಿದ್ದ ನೆನೆದ ಅವರೆಕಾಳಿನ ಬೋಗುಣಿಯ ಇಕ್ಕೆಲದಲ್ಲಿ, ಮಹಾರಥರಿಬ್ಬರೂ ಮಂಡಿಗೆ ಮಂಡಿ ತಾಗಿಸಿ ಕುಳಿತು ಕಾಳು ಹಿತುಕುತ್ತಿದ್ದರು.

"ಭಾವ, ಸರಿಯಾಗಿ ನೆಂದಿಲ್ಲ ಇದು, ಸಿಪ್ಪೆನೇ ಬಿಡ್ತಿಲ್ಲ."

"ಶ್! ಹಾಡ್ತಿದ್ದಾಳೆ. ಮೆತ್ತಗೆ ಹಿತುಕೋ."