ಮಾವನ ಹಲಗೆ, ಅತ್ತೆಯ ಸೀರೆ

ನಮ್ಮ ಸೋದರಮಾವನಿಗೆ ಹುಚ್ಚು ಎಂದು ಬ್ರೂಸ್‌ಪೇಟೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಗಾಳಿ ಬೀಸದ ದಿನಗಳಲ್ಲಂತೂ ಖಂಡಿತ ಹೇಳುತ್ತಿರಲಿಲ್ಲ. ಆದರೆ ಬಳ್ಳಾರಿಯಲ್ಲಿ ಆಷಾಢ ಹಿಡಿಯಿತೆಂದರೆ ಗಾಳಿ ಬೀಸದ ದಿನ ಎಲ್ಲಿ ಸಿಗಬೇಕು ಹೇಳಿ?

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ನಾನು ಹೊಸದಾಗಿ ಕೆಲಸಕ್ಕೆ ಸೇರಿ ಮಾವನ ಮನೆಯಲ್ಲೇ ಉಳಿದುಕೊಂಡಿದ್ದೆ. ಮಾವನದು ಜವಳಿ ಅಂಗಡಿ. ಬೆಳಿಗ್ಗೆ ಪೂಜೆ ಮುಗಿಸಿದವನೇ ಹೊಸ್ತಿಲಿಗೆ ಬಂದು, ವಿಭೂತಿ ಗಟ್ಟಿಯಿಂದ ಒಂದು ಚಿಟಿಕೆ ಕೆರೆದು ಗಾಳಿಗೆ ಬಿಡುತ್ತಿದ್ದ. ಅದು ಹಾರಿದ ದಿಕ್ಕು ನೋಡಿ, "ಗಾಳಿ ಚಲೋ ಐತಿ" ಎಂದು ತೀರ್ಪು ಕೊಟ್ಟ ಮೇಲೆಯೇ ಹಣೆಗೆ ಹಚ್ಚಿಕೊಳ್ಳುವುದು! ಹಾರಿದ ವಿಭೂತಿ ಎದುರುಮನೆಯವರ ಚಹಾದಲ್ಲಿ ಇಳಿಯುತ್ತಿತ್ತು. ಅವರು ಪಾಪ ದೈವಭಕ್ತರು, ಸುಮ್ಮನೆ ಕುಡಿದುಬಿಡುತ್ತಿದ್ದರು.

ಅತ್ತೆ ಮಾತ್ರ ಸುಮ್ಮನಿರುತ್ತಿರಲಿಲ್ಲ. "ಕಣ್ಣಾಗ ಮಣ್ಣು, ಅನ್ನದಾಗ ಮಣ್ಣು. ಇದು ಚಲೋ ಹೆಂಗಾತು?"

ಅತ್ತೆಗೆ ಗಾಳಿಯ ಮೇಲೆ ಸಿಟ್ಟಿರಲು ಬೇರೆಯೇ ಕಾರಣವಿತ್ತು. ಅವಳ ತವರು ಕೆಂಚನಗುಡ್ಡದ ಎದುರು ದಡದ ಹಳ್ಳಿ. ನಡುವೆ ತುಂಗಭದ್ರೆ. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗದಿದ್ದರೆ ನಮ್ಮ ಕಡೆ ಅದು ಹಬ್ಬವೇ ಅಲ್ಲ. ಹಿಂದಿನ ವರ್ಷ ಅವಳು ಪಂಚಮಿಯ ಸಿಹಿ ಉಂಡಿಯ ಡಬ್ಬಿ ಹಿಡಿದು ಹೊಳೆ ದಂಡೆಗೆ ಹೋದರೆ, ಗಾಳಿಗೆ ಹೆದರಿ ಅಂಬಿಗ ಹರಿಗೋಲು ಬಿಡಲಿಲ್ಲ. ಆಚೆ ದಡಕ್ಕೆ ಅವಳ ಅಣ್ಣ ಗಾಡಿಯಲ್ಲಿ ಅವ್ವನನ್ನು ಕೂರಿಸಿಕೊಂಡು ಬಂದಿದ್ದ. ಮುದುಕಿಗೆ ಕಣ್ಣು ಮಂಜು. ಈಚೆ ದಡದಲ್ಲಿ ಮಗಳು ನಿಂತಿದ್ದೂ ಕಾಣಲಿಲ್ಲ. ಅತ್ತೆ ಡಬ್ಬಿಯ ಸಮೇತ ಬಳ್ಳಾರಿಗೆ ವಾಪಸಾದಳು.

ಅವತ್ತು ಮಾವ ಹೇಳಿದ್ದು ಇಷ್ಟೇ: "ಬರೋ ಪಂಚಮಿಗೆ ಇದss ಗಾಳಿ ಮ್ಯಾಲೆ ನಿನ್ನ ದಾಟಿಸ್ತೀನಿ."

ಅದೇ ಚಳಿಗಾಲದಲ್ಲಿ ಅರಿವೆ ಖರೀದಿಗೆಂದು ಮುಂಬಯಿಗೆ ಹೋದವನು ಸಮುದ್ರದ ದಂಡೆಯಲ್ಲಿ ಒಂದು ಸೋಜಿಗ ನೋಡಿಕೊಂಡು ಬಂದ. ಯಾವನೋ ಬಿಳಿಯನೊಬ್ಬ ಒಂದು ಹಲಗೆಯ ಮೇಲೆ ನಿಂತು, ಅದಕ್ಕೊಂದು ಹಾಯಿಪಟ ಕಟ್ಟಿ, ಹುಟ್ಟುಗೋಲಿಲ್ಲದೆ ನೀರಿನ ಮೇಲೆ ಓಡುತ್ತಿದ್ದನಂತೆ! ಖರೀದಿ ಮಾಡಬೇಕಾದ ಅರಿವೆ ಅರ್ಧ ಬಂದಿತ್ತು. ಅತ್ತೆಗೆ ಕೊಟ್ಟ ಮಾತು ಮಾತ್ರ ಇಡಿಯಾಗಿ ಬಂದಿತ್ತು.

"ಏನಿಲ್ಲಲೇ, ಹಲಗಿ ಬೇಕು, ಅರಿವಿ ಬೇಕು, ಗಾಳಿ ಬೇಕು. ಮೂರೂ ನನ್ನ ಅಂಗಡಿ ಬಾಗಿಲಾಗ ಅದಾವು" ಎಂದ.

"ಈಜು ಬರ್ತೈತೇನು ಮಾವ?" ಎಂದೆ.

"ಆ ಬಿಳಿಯ ಈಜಲಿಲ್ಲಲೇ, ನಿಂತಿದ್ದ."

ಹಲಗೆ ಎಂದರೆ ಅಂಗಡಿಯ ಬಾಗಿಲ ಹಲಗೆಯೇ. ಆಗಿನ ಅಂಗಡಿಗಳಿಗೆ ಒಂದರ ಪಕ್ಕ ಒಂದು ಹಲಗೆ ಜೋಡಿಸಿ ಬೀಗ ಹಾಕುತ್ತಿದ್ದರು. ಮಾವ ನಡುವಿನ ಅಗಲ ಹಲಗೆಯನ್ನೇ ಎತ್ತಿಕೊಂಡ. ಆ ಸಂದಿನಲ್ಲಿ ಬ್ರೂಸ್‌ಪೇಟೆಯ ಒಂದು ಮೇಕೆ ಒಳಹೊಕ್ಕು ಮಲ್‌ಮಲ್ ಬಟ್ಟೆಯ ರುಚಿ ನೋಡಿತು. ಉಳಿದ ಮಲ್‌ಮಲ್ ಪಟವಾಯಿತು.

ಮೊದಲ ಪ್ರಯೋಗ ಕುರುಗೋಡಿನ ಹತ್ತಿರದ ಕೆರೆಯಲ್ಲಿ. ಗುಡ್ಡದ ಸಂದಿಯಿಂದ ನುಗ್ಗಿದ ಗಾಳಿಗೆ ಮಲ್‌ಮಲ್ ಪರ್ರನೆ ಹರಿಯಿತು. ಹಲಗೆ ಒಂದು ಕಡೆ, ಮಾವ ಒಂದು ಕಡೆ. ಕೆರೆಯಲ್ಲಿ ಎಮ್ಮೆ ತೊಳೆಯುತ್ತಿದ್ದವನು ಎಮ್ಮೆಯ ಬಾಲವನ್ನೇ ಮಾವನ ಕೈಗೆ ಕೊಟ್ಟು ದಡ ಸೇರಿಸಿದ. ಮೈಯೆಲ್ಲ ಕೆಸರು. ಆದರೂ ಮೊದಲ ಮಾತು, "ಗಾಳೀದೇನೂ ತಪ್ಪಿಲ್ಲ, ಅರಿವಿ ಜಾಳು."

ಆ ಸಂಜೆ ಅತ್ತೆ ಬೈಯುತ್ತಾಳೆಂದು ಕಾದಿದ್ದೆ. ಅವಳು ಟ್ರಂಕು ತೆಗೆದು, ಮದುವೆಯಲ್ಲಿ ಅವ್ವ ಕೊಟ್ಟಿದ್ದ ಕೆಂಪು ಇಳಕಲ್ ಸೀರೆಯನ್ನು ಮಾವನ ಮುಂದಿಟ್ಟಳು.

"ಇದು ಹರಿಯಾಂಗಿಲ್ಲ" ಎಂದಳು. ಸೀರೆಯ ಮಡಿಕೆ ಸರಿಮಾಡುತ್ತ ಕೇಳಿದಳು: "ಗಾಳಿ ಆ ಕಡಿ ಬೀಸಿದ್ರ ಹೋಗಾಕ ಆತು. ಬರಾಕ?"

ಮಾವ ಅದನ್ನು ಯೋಚಿಸಿರಲೇ ಇಲ್ಲ! "ಬರೂದು ಯಾಕ ಅವಸರ? ತವರುಮನಿ ಅಲ್ಲೇನು?" ಎಂದು ಹೇಗೋ ಜಾರಿಕೊಂಡ.

ಪಂಚಮಿ ಬಂತು. ಸಿರುಗುಪ್ಪದವರೆಗೆ ಬಸ್ಸು, ಅಲ್ಲಿಂದ ಗಾಡಿ. ಗಾಡಿಯಲ್ಲಿ ಹಲಗೆ, ಬಿದಿರು, ಸೀರೆ, ಉಂಡಿಯ ಡಬ್ಬಿ, ಮಾವ, ಅತ್ತೆ, ನಾನು. ಕೆಂಚನಗುಡ್ಡದ ದಂಡೆಗೆ ಬಂದು ಇಳಿದೆವು. ಹೊಳೆ ಕೆಂಪಗೆ ತುಂಬಿ ಸದ್ದಿಲ್ಲದೆ ಹೋಗುತ್ತಿತ್ತು. ಗಾಳಿ ನಿಂತವರನ್ನೂ ಒಂದು ಹೆಜ್ಜೆ ಸರಿಸುತ್ತಿತ್ತು. ಅಷ್ಟು ದೊಡ್ಡದರ ಎದುರು ನಮ್ಮ ಅಂಗಡಿಯ ಹಲಗೆ ಎಷ್ಟು ಸಣ್ಣದಿತ್ತು! ಹರಿಗೋಲನ್ನು ಅಂಬಿಗ ದಡದಲ್ಲಿ ಬೋರಲು ಹಾಕಿದ್ದ. ಆಚೆ ದಡದಲ್ಲಿ ಚುಕ್ಕೆಯಷ್ಟು ಒಂದು ಗಾಡಿ ನಿಂತಿತ್ತು.

"ಸಾವ್ಕಾರ್ರ, ಗಾಳಿ ನಿಮ್ಮ ಮಾತು ಕೇಳಬೌದು, ಹೊಳಿ ಕೇಳಾಂಗಿಲ್ಲ" ಎಂದ ಅಂಬಿಗ.

"ಮೊದಲು ನಾ ಒಬ್ಬನss ನೋಡ್ತೀನಿ" ಎಂದ ಮಾವ. ಅಂಬಿಗ ಅವನ ನಡುವಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ಬಿಗಿದ.

ಮಾವ ಹಲಗೆಯ ಮೇಲೆ ಎಡಗಾಲಿಟ್ಟ, ಬಲಗಾಲಿಟ್ಟ. ಬಿದಿರಿಗೆ ಕಟ್ಟಿದ ಸೀರೆ ಗಾಳಿ ತುಂಬಿಕೊಂಡಿತು. ನಾನು ಇಂದಿಗೂ ಆಣೆ ಮಾಡಿ ಹೇಳುತ್ತೇನೆ, ಆ ಜವಳಿ ವ್ಯಾಪಾರಿ ತುಂಗಭದ್ರೆಯ ಮೇಲೆ ನೆಟ್ಟಗೆ ನಿಂತುಕೊಂಡೇ ಸಾಗಿದ. ಗಂಗಾಳದಷ್ಟು ಹೊಟ್ಟೆ, ಕಚ್ಚೆಪಂಚೆ, ಹಣೆ ತುಂಬ ವಿಭೂತಿ. ಅಂಬಿಗ ತಾನಾಗಿ ಕೈ ಮುಗಿದ. ನಗಬೇಕೆಂದು ಬಂದಿದ್ದ ನಾನು ನಗುವುದನ್ನೇ ಮರೆತೆ.

ಹಗ್ಗ ಮುಗಿಯುವ ಮೊದಲೇ ಸೆಳವು ಹಲಗೆಯನ್ನು ಕಿತ್ತುಕೊಂಡಿತು. ಅದು ನೇರ ಆಂಧ್ರಕ್ಕೆ ಹೋಯಿತು. ಮಾವ ಮಾತ್ರ ಬಿದಿರನ್ನೂ ಸೀರೆಯನ್ನೂ ಬಿಡದೆ ತಬ್ಬಿಕೊಂಡಿದ್ದ. ಅಂಬಿಗನೂ ನಾನೂ ಹಗ್ಗ ಎಳೆದು ಅವನನ್ನು ದಡಕ್ಕೆ ಹಾಕಿಕೊಂಡೆವು.

ಮಾವ ಕೆಮ್ಮಿ ಕೆಮ್ಮಿ ನೀರು ಕಾರಿದ. ಅತ್ತೆಯ ಮುಖ ನೋಡಲಿಲ್ಲ. "ಆಗಲಿಲ್ಲ ನೋಡು" ಎಂದ. ಹುಚ್ಚು ಇಳಿದ ಮಾವನನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು.

ಅತ್ತೆ ಅವನ ಕೈಯಿಂದ ಬಿದಿರು ತೆಗೆದುಕೊಂಡು ದಿಬ್ಬದ ಮೇಲೆ ನೆಟ್ಟಗೆ ಎತ್ತಿ ಹಿಡಿದಳು. ಒದ್ದೆ ಸೀರೆ ಒಮ್ಮೆ ಪಟಪಟ ಬಡಿದು ಗಾಳಿಗೆ ಉದ್ದಕ್ಕೂ ಬಿಚ್ಚಿಕೊಂಡಿತು. ಬೂದು ಆಕಾಶದಲ್ಲಿ ಅಷ್ಟಗಲ ಕೆಂಪು! ಗಾಳಿ ಅದನ್ನು ಒಂದು ಕ್ಷಣವೂ ಇಳಿಯಗೊಡಲಿಲ್ಲ. ಬಿದಿರು ವಾಲಿದಾಗ ಮಾವ ಎದ್ದು ಬಂದು ಬುಡಕ್ಕೆ ಭುಜ ಕೊಟ್ಟ.

ಬಹಳ ಹೊತ್ತು ಆಚೆ ದಡದಲ್ಲಿ ಏನೂ ಇಲ್ಲ. ಆಮೇಲೆ ಗಾಡಿಯಿಂದ ಯಾರನ್ನೋ ಎತ್ತಿ ಇಳಿಸಿದರು. ಮಂಜುಗಣ್ಣಿಗೂ ಆ ಕೆಂಪು ಮುಟ್ಟಿರಬೇಕು, ತಾನೇ ಆರಿಸಿ ಕೊಟ್ಟ ಬಣ್ಣ. ಒಂದು ಕೋಲಿನ ತುದಿಗೆ ಹಸಿರು ಸೆರಗೊಂದು ಮೇಲೇರಿ ಗಾಳಿಯಲ್ಲಿ ಬಿಚ್ಚಿಕೊಂಡಿತು.

ಅತ್ತೆಯ ಕಣ್ಣಿಂದ ನೀರು ಇಳಿಯುತ್ತಿತ್ತು. ಎರಡೂ ಕೈಯಲ್ಲಿ ಬಿದಿರಿತ್ತು, ಒರೆಸಿಕೊಳ್ಳಲಿಲ್ಲ. ಗಂಡನ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

"ಗಾಳಿ ಚಲೋ ಐತಿ."