ಕಿವಿ ಕೇಳಿಸದವನ ಬೆಂಚು

ಹಿಟ್ಟಿನ ಗಿರಣಿಯವನಿಗೆ ಬೇಕಾಗಿದ್ದದ್ದು ಸ್ವಲ್ಪ ಹೊತ್ತಿನ ನಿಶ್ಶಬ್ದ, ಅಷ್ಟೇ. ವಾರವಿಡೀ ಗಿರಣಿ ಅವನ ತಲೆಯೊಳಗೇ ಗಡಗಡ ಓಡುತ್ತಿತ್ತು. ಅದರ ಸದ್ದನ್ನೂ ಮೀರಿಸಿ ಗಿರಾಕಿಗಳು, ನುಣ್ಣಗೆ ಬೀಸು, ತರಿತರಿ ಇರಲಿ, ನನ್ನ ಡಬ್ಬ ಎಲ್ಲಿ ಎಂದು ಕಿರುಚುತ್ತಿದ್ದರು. ರಜೆಯ ದಿನ ಮನೆಯಲ್ಲಿರೋಣವೆಂದರೆ ಒಂದೂವರೆ ಕೋಣೆಯೊಳಗೆ ಹೆಂಡತಿ, ಅತ್ತೆ, ಇಬ್ಬರು ಮಕ್ಕಳು, ಗೋಡೆಯಾಚೆ ಪಕ್ಕದ ಮನೆಯವರ ಟಿವಿ. ಆ ಗೋಡೆ ಎಷ್ಟು ತೆಳುವೆಂದರೆ ಅತ್ತೆ ಈ ಕಡೆ ಕೂತೇ ಆ ಕಡೆಯ ಧಾರಾವಾಹಿಗೆ ಕಣ್ಣೀರು ಹಾಕುತ್ತಿದ್ದರು. ಹಾಗಾಗಿ ಆ ಬೆಳಿಗ್ಗೆ ಹೆಂಡತಿ ಅಟ್ಟದ ಮೇಲಿನ ಟ್ರಂಕು ಇಳಿಸಿಕೊಡಿ ಎಂದಾಗ, "ಈಗ ಬಂದೆ" ಎಂದವನು ಮೆಟ್ಟಿಲಿಳಿದು ಸೀದಾ ಪಾರ್ಕಿಗೆ ನಡೆದ.

ಪಾರ್ಕೆಂದರೆ ಸುತ್ತಲಿನ ಕಟ್ಟಡಗಳು ಹೋಗಲಿ ಪಾಪ ಎಂದು ಬಿಟ್ಟುಕೊಟ್ಟ ಕರ್ಚೀಫಿನಷ್ಟು ಹಸಿರು. ಅಲ್ಲಿ ಮರಗಳಿಗಿಂತ ಬೋರ್ಡುಗಳು ಸೊಂಪಾಗಿ ಬೆಳೆದಿದ್ದವು. ಹುಲ್ಲು ತುಳಿಯಬಾರದು, ಹೂವು ಮುಟ್ಟಬಾರದು, ಚೆಂಡಾಡಬಾರದು, ಬೋರ್ಡಿಗೆ ಒರಗಬಾರದು. ಕೂರಬಾರದು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಮೂಲೆಯ ಮರದಡಿ ಒಂದು ಬೆಂಚು ಖಾಲಿಯಿತ್ತು. ಇವನು ಕೂತು ಕಣ್ಣು ಮುಚ್ಚಿದ.

ಒಂದು ಉಸಿರು ಬಿಡುವಷ್ಟರಲ್ಲಿ ಎದುರಿಗೆ ನಿವೃತ್ತ ಹೆಡ್‌ಮಾಸ್ತರರು ನಿಂತಿದ್ದರು. ಅವರು ವಾಕಿಂಗ್ ಸಂಘದ ಅಧ್ಯಕ್ಷರು. ಇಷ್ಟು ಗಟ್ಟಿಮುಟ್ಟಾದವನು ಕೂತಿರುವುದೇಕೆ, ಪಾರ್ಕು ಇರುವುದು ನಡೆಯುವುದಕ್ಕಲ್ಲವೇ ಎಂದು ವಿಚಾರಿಸಿದರು. ಇವನು ಮಂಡಿನೋವು ಎಂದುಬಿಟ್ಟ. ಆ ಪಾರ್ಕಿನಲ್ಲಿ ಮಂಡಿನೋವಿನ ಮಾತೆತ್ತುವುದೂ ಒಂದೇ, ಇರುವೆ ಸಾಲಿನ ಮುಂದೆ ಸಕ್ಕರೆ ಮೂಟೆ ಬಿಚ್ಚುವುದೂ ಒಂದೇ. ನಡೆಯುತ್ತಿದ್ದವರೆಲ್ಲ ಬಂದು ಮುತ್ತಿಕೊಂಡರು. ಒಬ್ಬರು ಎಣ್ಣೆ ಹೇಳಿದರು, ಒಬ್ಬರು ಪಥ್ಯ ಹೇಳಿದರು. ಹಿಮ್ಮುಖವಾಗಿ ನಡೆದರೆ ಮಂಡಿ ಬೆಣ್ಣೆಯಂತಾಗುತ್ತದೆ ಎಂದ ಇನ್ನೊಬ್ಬರು ಕೈಹಿಡಿದು ಎಬ್ಬಿಸಿ ನಡೆಸಿಯೇಬಿಟ್ಟರು. ಹಾಗೆ ಹಿಂದೆ ಹಿಂದೆ ಹೋದವನು ನಗೆ ಕೂಟದ ನಟ್ಟನಡುವೆ ಹೋಗಿ ಬಿದ್ದ.

ನಗೆ ಕೂಟವನ್ನು ನಡೆಸುತ್ತಿದ್ದವರು ಒಬ್ಬ ನಿವೃತ್ತ ನರ್ಸಮ್ಮ. ಇಡೀ ವಾರ್ಡನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಗಂಟಲು ಅವರದು. ಬಂದವನು ನಗಲೇಬೇಕು ಎಂದರು. ಇವನು ಹಲ್ಲು ಕಿರಿದ. ಅದು ನಗುವಲ್ಲ, ಹಲ್ಲುನೋವು ಎಂದು ತೀರ್ಪಾಯಿತು. ಹೊಟ್ಟೆಯಿಂದ ನಗಿಸಲು ಅವರು ಹೊಟ್ಟೆಗೇ ಕೈಹಾಕಿದಾಗ ಇವನು ತಪ್ಪಿಸಿಕೊಂಡು ಮತ್ತೆ ಬೆಂಚಿಗೆ ಓಡಿದ.

ಅಲ್ಲಿ ಇನ್ಶೂರೆನ್ಸ್ ಏಜೆಂಟೊಬ್ಬ ಕಾದು ಕೂತಿದ್ದ. "ಸಾರ್, ಒಂದು ಮಾತು. ನಾಳೆ ನೀವು ಇರಲ್ಲ ಅಂತಿಟ್ಕೊಳ್ಳಿ..."

ಗಿರಣಿಯವನಿಗೆ ಏನು ತೋಚಿತೋ, ಎರಡೂ ಕಿವಿ ಮುಟ್ಟಿ ತೋರಿಸಿ, ಕೇಳಿಸುವುದಿಲ್ಲ ಎಂದು ತಲೆಯಾಡಿಸಿದ.

ಏಜೆಂಟನ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಮರದ ಮೇಲೆ ಒಂದು ಹಕ್ಕಿ ಕೂಗಿತು. ಆಹಾ ಎನಿಸಿತು ಗಿರಣಿಯವನಿಗೆ.

ಸುದ್ದಿ ಪಾರ್ಕನ್ನು ಒಂದು ಸುತ್ತು ಹಾಕಿ ಬಂತು. ಹೆಡ್‌ಮಾಸ್ತರರು ಕರಗಿಹೋದರು. ಯಾಕೆ ಕೂತಿದ್ದೀಯ ಎಂದರೆ ಮಂಡಿ ಗಿಂಡಿ ಎಂದು ಏನೋ ಉತ್ತರ ಕೊಟ್ಟ, ಪಾಪ, ಪ್ರಶ್ನೆಯೇ ಕೇಳಿಸಿರಲಿಲ್ಲ ಎಂದು ಎಲ್ಲರಿಗೂ ಹೇಳಿದರು. ನರ್ಸಮ್ಮನಿಗೆ ನಂಬಿಕೆ ಬರಲಿಲ್ಲ. ಹಿಂದಿನಿಂದ ಬಂದು ಕಿವಿಯ ಪಕ್ಕ ಚಪ್ಪಾಳೆ ತಟ್ಟಿದರು. ಗಿರಣಿಯವನು ಹಲ್ಲುಕಚ್ಚಿ ಕಲ್ಲಿನಂತೆ ಕೂತ.

ಅಷ್ಟರಲ್ಲಿ ಗೇಟಿನಿಂದ ಹೆಂಡತಿಯ ಕೂಗು ಕೇಳಿಸಿತು. "ರೀ..."

ಪಾರ್ಕಿನಲ್ಲಿದ್ದ ಗಂಡಂದಿರೆಲ್ಲ ತಿರುಗಿ ನೋಡಿದರು. ಇವನೊಬ್ಬ ನೋಡಲಿಲ್ಲ. ನರ್ಸಮ್ಮನ ಅನುಮಾನ ಅಲ್ಲಿಗೆ ತೀರಿತು.

ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದ ಹೆಂಡತಿಯನ್ನು ಅವರೇ ಅರ್ಧ ದಾರಿಯಲ್ಲಿ ತಡೆದು ಹೆಗಲ ಮೇಲೆ ಕೈಯಿಟ್ಟರು. "ಬೈಬೇಡಮ್ಮ. ಯಜಮಾನ್ರಿಗೆ ಪೂರ್ತಿ ಕಿವಿ ಕೇಳ್ಸಲ್ಲ ಅಲ್ವಾ? ಎಷ್ಟು ದಿನದಿಂದ?"

ಹೆಂಡತಿ ಗಂಡನ ಮುಖ ನೋಡಿದಳು. ಅವನು ಕಣ್ಣಲ್ಲೇ ಕೈಮುಗಿದ.

"ಮದ್ವೆ ಆದಾಗಿನಿಂದ" ಎಂದಳು ಅವಳು.

ಆ ಮಾತಿನಲ್ಲಿ ಎಂಥ ನೋವಿತ್ತೆಂದರೆ ನಗೆ ಕೂಟದವರೂ ಕಣ್ಣೊರೆಸಿಕೊಂಡರು. ಗಿರಣಿಯವನು ಮಾತ್ರ ಮನಸ್ಸಿನಲ್ಲೇ ಹೆಂಡತಿಗೆ ಹೊಸ ಸೀರೆ ಉಡಿಸಿದ. ಇನ್ನು ಮೇಲೆ ಈ ಪಾರ್ಕಿನಲ್ಲಿ ಯಾರೂ ತನ್ನ ತಂಟೆಗೆ ಬರುವುದಿಲ್ಲ. ಪ್ರತಿ ರಜೆಯೂ ಈ ಬೆಂಚು, ಈ ಮರ, ಈ ಹಕ್ಕಿ.

ಹೆಡ್‌ಮಾಸ್ತರರು ಗಂಟಲು ಸರಿಪಡಿಸಿಕೊಂಡದ್ದು ಆಗ. ಪಾರ್ಕಿಗೊಬ್ಬ ಪಂಚಾಯಿತಿದಾರ ಬೇಕೆಂದು ಬಹಳ ಕಾಲದಿಂದ ಜಗಳ ನಡೆದಿತ್ತು. ನಗುವವರಿಂದ ತಮ್ಮ ಉಸಿರಾಟ ಕೆಡುತ್ತದೆ ಎಂಬುದು ನಡೆಯುವವರ ದೂರು. ನಡೆಯುವವರ ಮುಖ ನೋಡಿದರೆ ನಗು ಬರುವುದಿಲ್ಲ ಎಂಬುದು ನಗುವವರ ದೂರು. ಯಾರನ್ನು ಕೂರಿಸಿದರೂ ಇನ್ನೊಂದು ಕಡೆಯವರ ಮಾತು ಕೇಳುತ್ತಾನೆ ಎಂಬ ಗುಮಾನಿ. ಈಗ ನೋಡಿದರೆ ಯಾರ ಮಾತನ್ನೂ ಕೇಳದವನು ಎದುರಿಗೇ ಕೂತಿದ್ದಾನೆ.

"ಇಂಥ ನಿಷ್ಪಕ್ಷಪಾತಿ ಹುಡುಕಿದ್ರೂ ಸಿಗಲ್ಲ" ಎಂದರು ಹೆಡ್‌ಮಾಸ್ತರರು. ನರ್ಸಮ್ಮ ಜೀವನದಲ್ಲಿ ಮೊದಲ ಬಾರಿಗೆ ಅವರ ಮಾತಿಗೆ ಹೂಂ ಎಂದರು. ಪ್ರತಿ ರಜೆಯ ದಿನ, ಗೇಟು ತೆಗೆದಾಗಿನಿಂದ ಮುಚ್ಚುವವರೆಗೆ, ಇದೇ ಬೆಂಚಿನ ಮೇಲೆ ಕೂತು ದೂರುಗಳನ್ನು ಆಲಿಸಬೇಕು. ಒಪ್ಪಿಗೆಯೇ ಎಂದು ಅವನನ್ನು ಕೇಳಿ ಪ್ರಯೋಜನವಿಲ್ಲವಲ್ಲ, ಹೆಂಡತಿಯನ್ನು ಕೇಳಿದರು. ಅವಳು ಸಂತೋಷವಾಗಿ ಒಪ್ಪಿದಳು.

ಗಿರಣಿಯವನು ಏಳಲು ಹೋದ. ನಾಲ್ಕು ಕೈಗಳು ಗೌರವದಿಂದ ಅವನನ್ನು ಒತ್ತಿ ಕೂರಿಸಿದವು. ಆಗಲೇ ಹೂವಿನ ಪಾತಿಯವರೆಗೆ ಸಾಲು ಬೆಳೆದಿತ್ತು. ಏಜೆಂಟ್ ತನ್ನಿಂದ ಪಾಲಿಸಿ ಕೊಳ್ಳದ ನೆಂಟರ ವಿಷಯ ಹೇಳಲು ಕಾದಿದ್ದ, ಹೆಡ್‌ಮಾಸ್ತರರು ಸೊಸೆಯ ವಿಷಯ ಹೇಳಲು ಕಾದಿದ್ದರು. ನಡುವೆ ಬಾಯಿ ಹಾಕದೆ ಕೂರುವ ಮನುಷ್ಯ ಆ ಊರಲ್ಲಿ ಯಾರಿಗೂ ಅದುವರೆಗೆ ಸಿಕ್ಕಿರಲಿಲ್ಲ.

ಆದರೆ ಅವರೆಲ್ಲರ ಮುಂದೆ, ಸಾಲಿನ ಮೊದಲಿಗೇ ನಿಂತಿದ್ದವಳು ಅವನ ಹೆಂಡತಿ. ಅವನಿಗೆ ಒಂದೊಂದು ಅಕ್ಷರವೂ ಕೇಳಿಸುತ್ತದೆ, ಆದರೆ ಉತ್ತರ ಕೊಡುವ ಹಾಗಿಲ್ಲ ಎಂಬುದು ಅಷ್ಟು ಜನರಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಬೆಂಚಿನ ಧೂಳು ಕೊಡವಿ, ಗಂಡನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

"ಅವಸರ ಏನಿಲ್ಲ ರೀ" ಎಂದಳು. "ಶುರುವಿಂದ ಹೇಳ್ತೀನಿ."