ಬಂದೂಕಿನ ಮೂತಿಗೆ ರಾಗಿಮುದ್ದೆ

ಆ ಭಾನುವಾರ ಬೆಳಿಗ್ಗೆ ಮುದ್ದೆ ತಿರುವ್ತಾ ಒಂದು ಶಪಥ ಮಾಡಿದೆ. ಇವತ್ತು ಸಂಜೆಯೊಳಗೆ ನನ್ನ ಗಂಡನ ಬಂದೂಕಿಗೆ ಸೈಲೆನ್ಸರ್ ತರ್ತೀನಿ. ನಾನೇ ಆರಿಸ್ತೀನಿ. ನಾಲ್ಕನೇ ಕ್ಲಾಸು ಓದಿದ ಹುಚ್ಚಮ್ಮ ಅಂದ್ರೆ ಏನು ಅಂತ ಈ ಅಮೆರಿಕಾಕ್ಕೇ ಗೊತ್ತಾಗಲಿ!

ಮಾರನೇ ದಿನ ಸೋಮವಾರ ಮಧ್ಯಾಹ್ನ ಅವರು ಫ್ಯಾಕ್ಟರಿಯಲ್ಲಿ ಎದೆ ಹಿಡ್ಕೊಂಡು ಕೂತ್ರು. ಏಳಲಿಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ. ಬಂದೂಕಿಗೂ ಅದಕ್ಕೂ ಸಂಬಂಧ ಇಲ್ಲ. ನಗು ಬಂದ್ರೆ ನಗಿ. ಅವರೂ ನಕ್ಕಿದ್ರು.

ಅವರ ಹೆಸರು ಕೆಂಪರಾಜು. ಮದ್ದೂರಿನ ಕಡೆಯವರು. ಫ್ರೀಮಾಂಟಿನ ಚಿಪ್ ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ಕೆಲಸ. ಊರಲ್ಲಿ ಕಬ್ಬಿನ ಗದ್ದೆಗೆ ಹಂದಿ ನುಗ್ಗಿದ್ರೆ ಅಪ್ಪನ ಜೊತೆ ಹೋಗ್ತಿದ್ದ ಗಂಡಸು, ಇಲ್ಲಿ ಬಂದು ಸುಮ್ನೆ ಕೂರ್ತಾರಾ? ಸ್ಯಾನ್ ಹೋಸೆ ಹಿಂದಿನ ಗುಡ್ಡದಲ್ಲೂ ಕಾಡುಹಂದಿ ಇದೆ ಅಂತ ಗೊತ್ತಾಯ್ತು. ಲೈಸೆನ್ಸು, ಬಂದೂಕು ಎರಡೂ ಬಂತು. ಜೊತೆಗೆ ಹೋಗೋಕೆ ಅದೇ ಫ್ಯಾಕ್ಟರಿಯ ಹನುಮಂತರಾಜು.

ಮೊದಲನೇ ಸಲ ಹೋಗಿ ಬಂದ ದಿನವೇ "ಎಡಗಿವಿ ಗುಂಯ್ ಅಂತದೆ ಕಣೇ" ಅಂದ್ರು. ಆಮೇಲೆ ಎಡಗಡೆಯಿಂದ ಏನು ಹೇಳಿದ್ರೂ ತಿರುಗಿ ನೋಡ್ತಿರಲಿಲ್ಲ. ಎಡಗಿವಿ ಹೋಯ್ತು ಅಂತ ನಾನು ತಿಳ್ಕೊಂಡೆ. ಆರು ವರ್ಷ ಹಂಗೇ ನಡೀತು.

ಒಂದು ವಿಷಯ ಒಪ್ಪಿಕೊಳ್ತೀನಿ. ಆ ಕಿವಿ ನನಗೆ ಬಹಳ ಉಪಯೋಗಕ್ಕೆ ಬಂತು. ಬಲಗಿವಿ ಕಡೆ ನಿಂತ್ರೆ ನಾನು ಗರತಿ. "ರೀ, ಊಟಕ್ಕೆ ಏಳ್ತೀರಾ?" ಎಡಗಿವಿ ಕಡೆ ಕೂತ್ರೆ ನಾನೇ ರಾಣಿ! "ಏನೋ ಮೂದೇವಿ, ನೆಂಟರ ಮುಂದೆ ನನ್ನ ಸಾರು ಉಪ್ಪು ಅಂತೀಯಾ? ನಾಳೆಯಿಂದ ನೀನೇ ಮಾಡ್ಕೋ ಹೋಗೋ!" ಅವರು ಟೀವಿ ನೋಡ್ತಾ "ಹೂಂ" ಅನ್ನೋರು. ನನಗೆ ಮನಸ್ಸು ಹಗುರ ಆಗೋದು. ಬೈಗುಳ ಮಾತ್ರ ಅಲ್ಲ. ಊರಿನ ನೆನಪು, ಸತ್ತ ಕೂಸಿನ ನೆನಪು, ಎಲ್ಲಾ ಅಲ್ಲೇ ಸುರಿದೆ.

ಆದ್ರೆ ಆ ಭಾನುವಾರಕ್ಕೆ ಒಂದು ವಾರ ಮುಂಚೆ ಬಲಗಡೆ ನಿಂತು "ಕೊತ್ತಂಬರಿ ತನ್ನಿ" ಅಂದ್ರೆ "ಆಂ?" ಅಂದ್ರು. ಮತ್ತೆ ಹೇಳಿದೆ. ಮತ್ತೆ "ಆಂ?" ಈ ಕಿವಿಯೂ ಹೋದ್ರೆ ಈ ದೇಶದಲ್ಲಿ ನಾನು ಯಾರ ಜೊತೆ ಮಾತಾಡ್ಲಿ? ಮಗಳು ಸಿಂಧುಗೆ ಕನ್ನಡದಲ್ಲಿ ಕೇಳಿದ್ರೆ ಮುಕ್ಕಾಲು ಪಾಲು ಇಂಗ್ಲಿಷಿನಲ್ಲೇ ಉತ್ತರ.

ಟೀವಿಯಲ್ಲಿ ಒಬ್ಬ ಕೊಲೆಗಾರ ಬಂದೂಕಿನ ಮೂತಿಗೆ ಕರೀ ಕೊಳವೆ ತಿರುಗಿಸಿ ಹಾಕಿದ್ದು ನೋಡಿದ್ದೆ. ಗುಂಡು ಹೊಡೆದ್ರೆ ಸದ್ದು ಬರೀ "ಪುಸ್ಕ್". ಇದೇ ಔಷಧಿ ಅಂದ್ಕೊಂಡೆ.

ಅಳತೆ ಬೇಕಲ್ಲ? ಬಳೆ ಕೊಳ್ಳೋಕೆ ಹೋದ್ರೂ ಅಳತೆ ಕೇಳ್ತಾರೆ. ಅವರು ಸ್ನಾನಕ್ಕೆ ಹೋದಾಗ ಬಂದೂಕಿನ ಪೆಟ್ಟಿಗೆ ಬೀಗ ತೆಗೆದೆ. ಬಂದೂಕು ಖಾಲಿ ಇತ್ತು, ಗುಂಡು ಬೇರೆ ಕಡೆ ಇಡೋರು. ಒಲೆ ಮೇಲೆ ಬಿಸಿ ಮುದ್ದೆ ರೆಡಿ! ಒಂದು ಉಂಡೆ ತಗೊಂಡು ಮೂತಿಗೆ ಒತ್ತಿದೆ. ಎಳೆದೆ. ಆಹಾ, ಅಚ್ಚು ಬಿತ್ತು ನೋಡಿ! ಯಾವ ಇಂಜಿನಿಯರೂ ಅಂಥ ಅಳತೆ ತೆಗೆದಿರಲಿಕ್ಕಿಲ್ಲ. ಟಿಶ್ಯೂ ಕಾಗದದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದೆ.

ಸಿಂಧು ಕಾರು ಓಡಿಸಿದಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಟರ್ನೆಟ್ಟಿನ ಮೇಲೆ ಛತ್ರಿ ಮಾರೋ ಕಂಪನಿಯಲ್ಲಿ ಅವಳಿಗೆ ಕೆಲಸ, ಮನೆಯೂ ಅಲ್ಲೇ; ಭಾನುವಾರ ನಮ್ಮಲ್ಲಿಗೆ ಬರೋಳು. ಅಪ್ಪನ ಬಂದೂಕಿಗೆ ಸಾಮಾನು ತರಬೇಕು ಅಂತಷ್ಟೇ ಹೇಳಿದ್ದೆ.

ಬಂದೂಕಿನ ಅಂಗಡಿಯಲ್ಲಿ ಬಿಳೀ ಗಡ್ಡದ ಮುದುಕ. ಗಾಜಿನ ಕೆಳಗೆ ಏನೇನೋ ಸಾಮಾನು. ಒಂದು ಕರೀ ಕೊಳವೆ ಕಂಡೇಬಿಡ್ತು! ದಪ್ಪ, ನುಣುಪು, ಲಕ್ಷಣವಾಗಿದೆ.

"ಇದೇ ಕೊಡಪ್ಪ" ಅಂದೆ.

"ಅಮ್ಮಾ, ದಟ್ಸ್ ಎ ಟಾರ್ಚ್" ಅಂದಳು ಸಿಂಧು.

ನಾನು ಬಿಡ್ತೀನಾ? ಮುದ್ದೆ ತೆಗೆದು ಗಾಜಿನ ಮೇಲೆ ಇಟ್ಟೆ. ಮುದುಕ ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿದ. ಬೆರಳಲ್ಲಿ ಒತ್ತಿದ. ಮೂಸಿದ.

"ವಾಟ್ ಈಸ್ ದಿಸ್?"

"ಫುಡ್" ಅಂತ ಸಿಂಧು ಅಂದಳು. ಮುಖ ಕೆಂಪಗಾಗಿತ್ತು.

"ಹೇಳೇ ಅವನಿಗೆ, ಈ ಅಳತೆಗೆ ಸೈಲೆನ್ಸರ್ ಬೇಕು ಅಂತ."

ಸೈಲೆನ್ಸರ್ ಅನ್ನೋ ಪದ ಅವನಿಗೆ ಅರ್ಥ ಆಗೋಕೆ ಸಿಂಧು ಬೇಕಿರಲಿಲ್ಲ. ಮುದುಕ ಎರಡೂ ಕೈ ಮೇಲೆತ್ತಿದ. ಅಂಗಡಿಯಲ್ಲಿದ್ದ ನಾಲ್ಕು ಜನ ತಿರುಗಿದ್ರು.

"ಅಮ್ಮಾ! ಕ್ಯಾಲಿಫೋರ್ನಿಯಾದಲ್ಲಿ ಅದು ಇಲ್ಲೀಗಲ್! ಇಟ್ಕೊಂಡ್ರೆ ಜೈಲು ಅಂತೆ!"

"ಸದ್ದು ಕಮ್ಮಿ ಮಾಡೋಕೆ ಜೈಲಾ? ಇದ್ಯಾವ ನ್ಯಾಯ?"

"ಯಾರಿಗೋಸ್ಕರ ಅಂತ ಕೇಳ್ತಿದಾರೆ."

"ಗಂಡನಿಗೋಸ್ಕರ."

ಸಿಂಧು ಹಂಗೇ ಹೇಳಿದಳು. ಒಬ್ಬ ಗಿರಾಕಿ ಮೆಲ್ಲಗೆ ಬಾಗಿಲ ಕಡೆ ಹೊರಟ. ನಾನು ನನ್ನ ಕಿವಿ ಹಿಡ್ಕೊಂಡು, ಬಂದೂಕು ಹೊಡೆಯೋ ಹಂಗೆ ತೋರಿಸಿ, "ಡಂ! ನೋ ಇಯರ್! ಹಸ್ಬೆಂಡ್ ನೋ ಇಯರ್!" ಅಂತ ಕೂಗಿದೆ. ನನ್ನ ಇಂಗ್ಲಿಷು ಅಲ್ಲಿಗೆ ಮುಗೀತು. ಕಣ್ಣಲ್ಲಿ ನೀರು ಬಂತು.

ಮುದುಕನಿಗೆ ಅರ್ಥ ಆಯ್ತು. ಒಳಗಿಂದ ಕಿವಿಗೆ ಹಾಕೋ ದಪ್ಪ ಮುಚ್ಚಳಗಳು ತಂದ. ಇದು ಸದ್ದು ತಡೆಯುತ್ತೆ, ಜೈಲಿಲ್ಲ ಅಂದ. ನಾನು ಕೆಂಪು ಬಣ್ಣದ್ದು ಆರಿಸಿದೆ. ಶಪಥ ಅರ್ಧ ಉಳೀತು.

ಮನೆಗೆ ಬಂದ್ರೆ ಅವರು ಬಂದೂಕು ಬಿಚ್ಚಿ ಕೂತಿದಾರೆ. ಕಡ್ಡಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ತಳ್ತಿದಾರೆ. ಮುಂದೆ ಪೇಪರಿನ ಮೇಲೆ ಒಂದು ಕಂದು ಉಂಡೆ. ಒತ್ತಿದ್ದೆಲ್ಲಾ ನನ್ನ ಕೈಗೆ ವಾಪಸ್ ಬಂದಿರಲಿಲ್ಲ!

"ಲೇ ಹುಚ್ಚೀ, ಇದೇನು?"

"ಏನು?"

"ಮುದ್ದೆ. ನಳಿಗೆಯೊಳಗೆ."

ನಾನು ಕೈಚೀಲ ಬೆನ್ನ ಹಿಂದಕ್ಕೆ ಇಟ್ಕೊಂಡೆ.

"ಹಂದಿಗೆ ಗುಂಡು ಹೊಡೀಬೇಕೋ, ಊಟ ಬಡಿಸ್ಬೇಕೋ? ಬಡಿಸೋದಾದ್ರೆ ಸಾರೆಲ್ಲಿ? ಬರೀ ಮುದ್ದೆ ಹೆಂಗೆ ನುಂಗುತ್ತೆ ಪಾಪ?"

ಸಿಂಧು ಎಲ್ಲಾ ಹೇಳಿದಳು. ಟಾರ್ಚು, ಮುದುಕ, ನೋ ಇಯರ್. ಅವರು ಹೊಟ್ಟೆ ಹಿಡ್ಕೊಂಡು ನಕ್ಕರು. ಕೆಂಪು ಮುಚ್ಚಳ ಹಾಕ್ಕೊಂಡು ಕನ್ನಡಿ ನೋಡ್ಕೊಂಡ್ರು.

"ಸೈಲೆನ್ಸರ್ ಹಾಕೋದಾದ್ರೆ ಮೊದಲು ನಿನ್ನ ಮಿಕ್ಸಿಗೆ ಹಾಕೇ. ದಿನಾ ಬೆಳಿಗ್ಗೆ ಜೀವ ತೆಗೀತದೆ."

ಸಿಂಧು ಹೊರಟ ಮೇಲೆ ಮುಚ್ಚಳ ತೆಗೆದು ಪಕ್ಕಕ್ಕಿಟ್ರು. ಮೆಲ್ಲಗೆ ಹೇಳಿದ್ರು. "ಹುಚ್ಚೀ, ಇನ್ನೊಂದ್ಸಲ ನಳಿಗೆಗೆ ಏನೂ ತುರುಕಬೇಡ. ಕಾಣದೆ ಹೊಡೆದಿದ್ರೆ ಅದು ಒಡೆದು ನನ್ನ ಮುಖ ಇರ್ತಿರಲಿಲ್ಲ."

ಸೋಫಾದ ಮೇಲೆ ಅವರ ಎಡಗಡೆ ಹೋಗಿ ಕೂತೆ. ಕಿವಿಯ ಹತ್ರ ಹೇಳಿದೆ. "ನನಗಿಂತ ಮುಂಚೆ ಹೋಗಬೇಡ ಕಣೋ. ನನಗೆ ಬಸ್ಸು ಹತ್ತೋಕೂ ಬರಲ್ಲ. ನೀನಿಲ್ದೆ ನನಗೆ ಆಗಲ್ಲ."

ಟೀವಿ ನೋಡ್ತಾ "ಹೂಂ" ಅಂದ್ರು.

ಹನ್ನೊಂದನೇ ದಿನ ತಿಥಿ ಮುಗೀತು. ಹನುಮಂತರಾಜು ಬಂದೂಕನ್ನ ಅಂಗಡಿಗೆ ಒಪ್ಪಿಸೋಕೆ ಬಂದ. ನಾನು ಕೆಂಪು ಮುಚ್ಚಳವನ್ನೂ ಕೊಟ್ಟೆ.

"ಇದನ್ನ ನೀನು ಹಾಕ್ಕೋ ತಮ್ಮ. ನಿಮ್ಮಣ್ಣನ ಹಂಗೆ ಕಿವಿ ಕಳ್ಕೋಬೇಡ."

"ಯಾರ ಕಿವಿ ಅತ್ತಿಗೆ?"

"ನಿಮ್ಮಣ್ಣಂದು. ಎಡಗಿವಿ."

ಅವನು ನೆಲ ನೋಡಿದ.

"ಅತ್ತಿಗೆ, ಬೈಬೇಡಿ. ಅಣ್ಣನ ಕಿವಿಗೆ ಏನೂ ಆಗಿರಲಿಲ್ಲ. ಆ ಗುಂಯ್ ಅನ್ನೋದು ಎರಡೇ ದಿನಕ್ಕೆ ಹೋಯ್ತು. ಆಮೇಲೆ ಯಾವಾಗ್ಲೂ ಕಿವಿಗೆ ಸ್ಪಾಂಜು ಇಟ್ಕೊಂಡೇ ಹೊಡೆಯೋರು. ಫ್ಯಾಕ್ಟರಿಯಲ್ಲಿ ವರ್ಷಾ ವರ್ಷಾ ಕಿವಿ ಟೆಸ್ಟು ಮಾಡ್ತಾರೆ. ಎರಡೂ ಕಿವಿ ಚೆನ್ನಾಗಿತ್ತು."

"ಮತ್ತೆ ಕೊತ್ತಂಬರಿ?"

"ಅಂಗಡಿಗೆ ಹೋಗೋಕೆ ಬೇಜಾರು, ಅದಕ್ಕೇ ಕೇಳಿಸದ ಹಂಗೆ ಆಂ ಅಂದೆ ಅಂತ ಹೇಳ್ತಿದ್ರು."

"ಆರು ವರ್ಷ ಯಾಕೆ ನಾಟಕ?"

"ಕೇಳಿದ್ದೆ. ಎಡಗಡೆ ಕೂತ್ರೆ ನನ್ನ ಹುಚ್ಚಿ ಮನಸ್ಸು ಬಿಚ್ಚಿ ಮಾತಾಡ್ತಾಳೆ ಕಣಯ್ಯ, ಕೇಳುತ್ತೆ ಅಂತ ಗೊತ್ತಾದ್ರೆ ನಿಲ್ಲಿಸಿಬಿಡ್ತಾಳೆ ಅಂದ್ರು."

ನಾನು ಗೋಡೆ ಹಿಡ್ಕೊಂಡು ಕೂತೆ. ಮೂದೇವಿ ಅಂದಿದ್ದು ಕೇಳಿಸ್ಕೊಂಡಿದಾನೆ. ಹೋಗೋ ಬಾರೋ ಅಂದಿದ್ದು ಕೇಳಿಸ್ಕೊಂಡಿದಾನೆ. ಕೂಸಿನ ಮಾತು ಕೇಳಿಸ್ಕೊಂಡಿದಾನೆ. ಆ ಭಾನುವಾರದ್ದೂ. ಕೇಳಿಸ್ಕೊಂಡೇ ಹೂಂ ಅಂದಿದಾನೆ.

ಅಮೆರಿಕಾಕ್ಕೆ ಬುದ್ಧಿ ಕಲಿಸೋಕೆ ಹೊರಟವಳಿಗೆ ಪಕ್ಕದಲ್ಲಿ ಕೂತವನ ಕಿವಿ ಗೊತ್ತಾಗಲಿಲ್ಲ. ಗುರುತೂ ಕಣ್ಣೆದುರೇ ಇತ್ತು. ಅವರು ಬಲಕ್ಕೆ ಮಗ್ಗುಲಾಗಿ ಮಲಗೋರು. ಕೇಳೋ ಕಿವಿ ದಿಂಬಿನೊಳಗೆ, ಕೆಟ್ಟ ಕಿವಿ ಮೇಲೆ. ಆದ್ರೂ ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದ್ರೆ ಧಡಕ್ಕನೆ ಎದ್ದು ಕೂರೋರು! ಒಂದಿನವಾದ್ರೂ ಯಾಕೆ ಅಂತ ನಾನು ಯೋಚಿಸಿದ್ನಾ?

ಆ ಸೋಮವಾರ ಅವರ ಮಾತು ನೆನಪಾಗಿ ಮಿಕ್ಸಿಗೆ ದಪ್ಪ ಟವೆಲ್ ಸುತ್ತಿ, ಮೇಲೆ ಎರಡೂ ಕೈ ಇಟ್ಟು ಒತ್ತಿ ಚಟ್ನಿ ರುಬ್ಬಿದ್ದೆ. ಅವರು ಏಳಲಿಲ್ಲ. ಆಮೇಲೆ ನಾನೇ ಹೋಗಿ ಎಬ್ಬಿಸಿದೆ. "ಇವತ್ತು ಚೆನ್ನಾಗಿ ನಿದ್ದೆ ಬಂತು ಕಣೇ" ಅಂದು ಕೆಲಸಕ್ಕೆ ಹೋದ್ರು.

ಈಗಲೂ ದಿನಾ ಬೆಳಿಗ್ಗೆ ಟವೆಲ್ ಸುತ್ತೇ ಮಿಕ್ಸಿ ಹಾಕ್ತೀನಿ.